ಮಂಚದ ಕೆಳಗಿನ ಡಾಕ್ಟರು

ಪರಕುರಿ ಎಂಬ ಕೇರಿಯ ಕುಂಬಾರರ ಬೀದಿಯಲ್ಲಿ ಲಿಂದೌರಾಳ ಅಂಗಳವನ್ನು ಗುರುತಿಸುವುದು ಸುಲಭ. ಬೇರೆಯವರು ಸುಡುವಾಗ ಆವಿಗೆಯಲ್ಲಿ ಒಡೆದ ಮಡಕೆಗಳನ್ನು ತೊರೆಯ ದಂಡೆಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದರು. ಲಿಂದೌರಾ ಸುರಿಯುತ್ತಿರಲಿಲ್ಲ. ಬಾಯಿ ಸೀಳಿದ ಹೂಜಿ, ತಳ ಬಿರಿದ ಬಾನಿ, ಒಂದು ಕಿವಿ ಹಾರಿಹೋದ ಗಡಿಗೆ, ಎಲ್ಲವನ್ನೂ ಬೇಲಿಯ ಉದ್ದಕ್ಕೆ ಇಟ್ಟು, ಮಣ್ಣು ತುಂಬಿ, ದಾಸವಾಳವನ್ನೋ ಬಸಳೆಯನ್ನೋ ನೆಟ್ಟುಬಿಡುತ್ತಿದ್ದಳು. ಯಾರಾದರೂ ಕೇಳಿದರೆ, "ಸೋರೋ ಮಡಕೇಲಿ ನೀರು ನಿಲ್ಲಲ್ಲ, ಬೇರು ನಿಲ್ಲತ್ತಲ್ಲ" ಎನ್ನುತ್ತಿದ್ದಳು. ಅವಳ ಬಾಯಿಂದ ಬರುತ್ತಿದ್ದ ಉದ್ದನೆಯ ಮಾತು ಅದೊಂದೇ.

ಅವಳಿಗೆ ಮದುವೆಯಾಗಿರಲಿಲ್ಲ. ಅಪ್ಪ ಸತ್ತಾಗ ಮಡಕೆ ಮಾಡುವ ತಿಗರಿ, ಆವಿಗೆ ಇದ್ದ ಮನೆ ಅವಳ ಪಾಲಿಗೆ ಬಂತು, ಪಕ್ಕದ್ದು ಅವಳ ಅಣ್ಣ ಅನೀಸಿಯೊನ ಪಾಲಿಗೆ ಹೋಯಿತು. ಎರಡರ ನಡುವೆ ಒಂದು ಮೋಟು ಗೋಡೆಯಿತ್ತು. ಆ ಗೋಡೆಯ ಮೇಲಿಂದ ಬಿಸಿ ಕಾಫಿ, ಹುರಿದ ಮೀನು, ಅಸಾಯಿ ಹಣ್ಣಿನ ಗಂಜಿ ಮತ್ತು ಅತ್ತಿಗೆ ಒದಲೇಯಾಳ ಬೈಗುಳ ದಿನವೂ ಈಚೆಗೆ ಬರುತ್ತಿದ್ದವು. ಈಚೆಯಿಂದ ಆಚೆಗೆ ಹೋಗುತ್ತಿದ್ದುದು ಹೂಜಿಗಳು ಮತ್ತು "ಹೂಂ ಅತ್ತಿಗೆ" ಎಂಬ ಮಾತು.

ಅನೀಸಿಯೊ ಕೊಳಲು ಊದುವವನು. ಕರಿಂಬೊ ಡೋಲುಗಳ ಮೇಳದಲ್ಲಿ ಅವನ ಕೊಳಲಿಲ್ಲದೆ ಕುಣಿತ ಏಳುತ್ತಿರಲಿಲ್ಲ. ಆದರೆ ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಉಬ್ಬಸದ ಮನುಷ್ಯ ಕೊಳಲನ್ನೇ ಯಾಕೆ ಹಿಡಿದ ಎಂದರೆ, "ಇರೋ ಉಸಿರನ್ನ ಸುಮ್ನೆ ಒಳಗೇ ಇಟ್ಕೊಂಡು ಏನ್ ಮಾಡ್ಲಿ?" ಎಂದು ನಗುತ್ತಿದ್ದ.

ಒದಲೇಯಾ ಮದುವೆಯಾಗಿ ಬಂದ ಮೇಲೆ ತಾಯಿ ಕಲಿಸಿದ ಮದ್ದುಗಳನ್ನೆಲ್ಲ ಅವನ ಮೇಲೆ ಪ್ರಯೋಗಿಸಿದಳು. ಯಾವುದೂ ನಾಟದಿದ್ದಾಗ, ಕೊನೆಗೆ ಬೀದಿಯವರೆಲ್ಲ ನಂಬುವ ಮದ್ದನ್ನೇ ತಂದಳು. ಉಬ್ಬಸದವರ ಮಂಚದ ಕೆಳಗೆ ನೆಲದಾಮೆ ಸಾಕಿದರೆ, ಆಮೆ ಆ ರೋಗವನ್ನು ತನ್ನೊಳಗೆ ಎಳೆದುಕೊಳ್ಳುತ್ತದಂತೆ. ತಂದಾಗ ಅದು ಅಂಗೈಯಲ್ಲಿ ಹಿಡಿಸುವ ಮರಿ. ಅನೀಸಿಯೊ ಅದಕ್ಕೆ ಡಾಕ್ಟರು ಎಂದು ಹೆಸರಿಟ್ಟ. ನಿದ್ದೆ ಬಾರದಾಗ ಮಂಚದಿಂದ ಬಗ್ಗಿ, "ಡಾಕ್ಟ್ರೇ, ರೋಗಿ ಇನ್ನೂ ಎದ್ದಿದಾನೆ" ಎನ್ನುತ್ತಿದ್ದ. ಕೆಳಗಿನಿಂದ ಚಿಪ್ಪು ಮಂಚದ ಕಾಲಿಗೆ ತಾಗಿ ಟಕ್ ಎನ್ನುತ್ತಿತ್ತು.

ಡಾಕ್ಟರನ್ನು ಹೊರಗೆ ಬಿಡುವಂತಿರಲಿಲ್ಲ. ಬಿಟ್ಟರೆ ಎಳೆದುಕೊಂಡ ರೋಗ ಗಾಳಿಗೆ ಸೇರುತ್ತದೆ ಎಂದು ಒದಲೇಯಾಳ ನಂಬಿಕೆ. ಹೀಗಾಗಿ ಅದು ವರ್ಷಗಟ್ಟಲೆ ಕತ್ತಲಲ್ಲೇ ಬೆಳೆಯಿತು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಉಳಿದ ಅನ್ನ, ಹುರಿದ ಮರಗೆಣಸಿನ ಹಿಟ್ಟು ತಿಂದಿತು. ಬರಬರುತ್ತಾ ಅದರ ಚಿಪ್ಪು ಸಮನಾಗಿ ಹರಡದೆ ದಿಬ್ಬ ದಿಬ್ಬವಾಗಿ ಎದ್ದಿತು. ಒಂದೊಂದು ಬಿಲ್ಲೆಯೂ ಮಡಕೆಯ ಮುಚ್ಚಳದಂತೆ ಉಬ್ಬಿ ನಿಂತಿತು. ಒದಲೇಯಾ ಅದನ್ನು ಎತ್ತಿ ಬಂದವರಿಗೆಲ್ಲ ತೋರಿಸುತ್ತಿದ್ದಳು. "ನೋಡಿ, ನಮ್ಮನೆಯವರ ಉಬ್ಬಸ ಎಷ್ಟು ಎಳ್ಕೊಂಡಿದೆ! ಇದಿಲ್ದಿದ್ರೆ ಇಷ್ಟೂ ಅವ್ರ ಎದೇಲಿ ಇರ್ತಿತ್ತು."

ಒಂದು ದಿನ ಡಾಕ್ಟರು ತಿನ್ನುವುದನ್ನು ನಿಲ್ಲಿಸಿದರು. ಹಿಂಗಾಲುಗಳನ್ನು ಎಳೆದುಕೊಂಡು ನಡೆಯತೊಡಗಿದರು. ರೋಗದ ಪಾತ್ರೆ ತುಂಬಿತು ಎಂದು ಒದಲೇಯಾಳಿಗೆ ಅನಿಸಿತು. ಮಂಚದ ಕೆಳಗೇ ಸತ್ತರೆ ಒಳಗಿನದೆಲ್ಲ ಗಂಡನಿಗೇ ವಾಪಸು ಬರುತ್ತದೆ. ಅವಳು ಬುಟ್ಟಿಯಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಅಳುತ್ತಾ ಹೋಗಿ, ತೊರೆಯ ಹರಿವ ನೀರಿನ ಅಂಚಿಗೆ ಅದನ್ನು ಬಿಟ್ಟು, ತಿರುಗಿ ನೋಡದೆ ಬಂದಳು.

ಅದೇ ಬೆಳಿಗ್ಗೆ ಲಿಂದೌರಾ ಜೇಡಿಮಣ್ಣು ಅಗೆಯಲು ಅಲ್ಲಿಗೇ ಹೋಗಿದ್ದಳು. ನೆಲದಾಮೆಗೆ ಈಜು ಬರುವುದಿಲ್ಲ. ಡಾಕ್ಟರು ಕೆಸರಿನಲ್ಲಿ ಅಂಗಾತ ಬಿದ್ದು ನಾಲ್ಕು ಕಾಲನ್ನೂ ಆಕಾಶಕ್ಕೆ ಆಡಿಸುತ್ತಿದ್ದರು. ಏರುತ್ತಿದ್ದ ನೀರು ಕತ್ತಿನವರೆಗೆ ಬಂದಿತ್ತು. ಅದು ಯಾರ ಆಮೆ, ಅಲ್ಲಿಗೆ ಯಾಕೆ ಬಂತು ಎಂಬುದು ಲಿಂದೌರಾಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಅತ್ತಿಗೆಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಗುದ್ದಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಆಮೆಯನ್ನು ಎತ್ತಿ ಮಣ್ಣಿನ ಬುಟ್ಟಿಯ ಮೇಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ಮನೆಗೆ ಬಂದಳು.

ಗೋಡೆಯಾಚೆ ಒದಲೇಯಾ ಬಟ್ಟೆ ಒಣಹಾಕುತ್ತಿದ್ದಳು.

"ಲಿಂದೌರಾ! ಅದೇನೇ ಬಟ್ಟೆ ಕೆಳಗೆ ಅಲ್ಲಾಡ್ತಿರೋದು?"

"ಮಣ್ಣು, ಅತ್ತಿಗೆ."

"ಮಣ್ಣಿಗೆ ಯಾವಾಗಿಂದ ಕಾಲು ಬಂತು?"

ಲಿಂದೌರಾಳಿಗೆ ಸುಳ್ಳು ಮುಂದುವರಿಸಲು ಬರಲಿಲ್ಲ. ಬುಟ್ಟಿ ಇಳಿಸಿ ಬಟ್ಟೆ ತೆಗೆದಳು.

"ಅಯ್ಯೋ ನಿನ್ನ ಕೈಗೆ ಬೆಂಕಿ ಬೀಳ! ನಿಮ್ಮಣ್ಣನ ರೋಗಾನ ಹೊತ್ಕೊಂಡ್ಹೋಗಿ ಹಾಕಿ ಬಂದೆ ಕಣೆ ನಾನು. ನೀನು ತಲೆ ಮೇಲಿಟ್ಕೊಂಡು ವಾಪಸ್ ತಂದಿದೀಯಲ್ಲೇ!"

"ಅಂಗಾತ ಬಿದ್ದಿತ್ತು ಅತ್ತಿಗೆ. ಬಾಯಿಗೆ ನೀರು ಹೋಗ್ತಿತ್ತು."

"ನೋಡದೆ ಬರ್ಬೇಕಿತ್ತು."

"ನೋಡ್ಬಿಟ್ಟೆ."

ಅಷ್ಟರಲ್ಲಿ ಅನೀಸಿಯೊ ಕಾಫಿಯ ಲೋಟ ಹಿಡಿದು ಹೊರಗೆ ಬಂದ. "ಓಹೋ, ಡಾಕ್ಟ್ರಿಗೆ ವರ್ಗ ಆಯ್ತಾ? ದೂರ ಏನಿಲ್ಲ ಬಿಡಿ, ಪಕ್ಕದ್ಮನೆ."

"ನೀವು ಸುಮ್ನಿರಿ. ರೋಗಿಗಳು ಮಾತಾಡ್ಬಾರ್ದು" ಎಂದಳು ಒದಲೇಯಾ. ಆಮೇಲೆ ಗೋಡೆಯ ಮೇಲೆ ಎರಡೂ ಕೈಯೂರಿ ನಾದಿನಿಯನ್ನು ನೋಡಿದಳು. "ಕೇಳಿಲ್ಲಿ. ಅದು ಗೋಡೆಯಿಂದಾಚೆಗೇ ಇರ್ಲಿ. ಆದ್ರೆ ಇವ್ರಿಗೆ ಒಂದೇ ಒಂದ್ಸಲ ಉಬ್ಬಸ ಕೆರಳಲಿ, ಅವತ್ತೇ ದೋಣಿ ಹತ್ತಿಸಿ ಆಚೆ ದ್ವೀಪದ ಕಾಡಿಗೆ ಬಿಟ್ಟು ಬರ್ತೀನಿ. ಆಗ ನಾದಿನಿ ಅಂತ ಮುಖ ನೋಡೋಳಲ್ಲ ನಾನು."

"ಹೂಂ ಅತ್ತಿಗೆ" ಎಂದಳು ಲಿಂದೌರಾ. ಹೇಳುವಾಗಲೇ ಅವಳಿಗೆ ಭಯವಾಯಿತು. ಬೆರಳಿನಿಂದ ಒತ್ತಿದರೆ ಆ ಚಿಪ್ಪಿನ ಅಂಚು ಬೇಯದ ಮಣ್ಣಿನ ಹಾಗೆ ಸ್ವಲ್ಪ ಬಾಗುತ್ತಿತ್ತು. ಕಾಲೂ ಎತ್ತಲಾಗದ ಆ ಜೀವ ಕಾಡಿನಲ್ಲಿ ಬದುಕುವುದಿಲ್ಲ. ಡಾಕ್ಟರ ಪ್ರಾಣ ಇನ್ನು ಮೇಲೆ ಅಣ್ಣನ ಉಸಿರಿನ ಮೇಲೆ ನಿಂತಿತ್ತು.

ಮೊದಮೊದಲು ಅವಳು ತನಗೆ ಗೊತ್ತಿದ್ದಂತೆ ನೋಡಿಕೊಂಡಳು. ಅವಳಿಗೆ ಗೊತ್ತಿದ್ದುದು ಮಡಕೆ ಮಾತ್ರ. ಮೆತ್ತಗಿರುವುದು ಗಟ್ಟಿಯಾಗಬೇಕಾದರೆ ಶಾಖ ಬೇಕು. ಹಾಗಾಗಿ ಆವಿಗೆಯ ಗೋಡೆಗೆ ಒತ್ತಿದ ಬೆಚ್ಚನೆ ಇಟ್ಟಿಗೆಗಳ ಮೇಲೆ ಡಾಕ್ಟರಿಗೆ ಜಾಗ ಮಾಡಿದಳು. ಉಬ್ಬುತಗ್ಗು ಇರುವುದನ್ನು ಉಜ್ಜಿ ಸಮ ಮಾಡಬೇಕು. ಹಾಗಾಗಿ ತಾಯಿಯ ಕಾಲದ ನುಣುಪು ಕಲ್ಲು ತೆಗೆದು, ಅಂಡಿರೋಬಾ ಬೀಜದ ಎಣ್ಣೆ ಸವರಿ, ದಿನವೂ ಸಂಜೆ ಚಿಪ್ಪನ್ನು ಹೂಜಿ ಉಜ್ಜಿದಂತೆ ಉಜ್ಜಿದಳು. ಚಿಪ್ಪು ಮಿರುಗಿತು. ಡಾಕ್ಟರು ತಲೆ ಒಳಗೆಳೆದುಕೊಂಡವರು ಹೊರಗೆ ಹಾಕಲಿಲ್ಲ. ಹಾಲಿನ ಬ್ರೆಡ್ಡನ್ನೂ ಮುಟ್ಟಲಿಲ್ಲ.

ಕಡೆಗೆ ಅವಳು ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ ಹತ್ತಿದಳು. ಶನಿವಾರಗಳಂದು, ಮಧ್ಯಾಹ್ನ ದಿನವೂ ಬರುವ ಮಳೆಗೆ ಮುಂಚೆ, ಕಾಯಿಲೆಯ ಪ್ರಾಣಿಗಳಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಜಾಗವೊಂದಿತ್ತು. ಅಲ್ಲಿ ಜಸಿಯಾರಾ ಎಂಬ ಹುಡುಗಿ, ಹೊಸದಾಗಿ ಓದು ಮುಗಿಸಿದ ಪ್ರಾಣಿವೈದ್ಯೆ, ಆಮೆಯನ್ನು ಎತ್ತಿ ತಿರುಗಿಸಿ ನೋಡಿದಳು.

"ಇದೇನಮ್ಮ, ಇಷ್ಟು ಮಿರುಗ್ತಿದೆ?"

"ಕಲ್ಲಲ್ಲಿ ಉಜ್ಜಿದೆ. ಎಣ್ಣೆ ಹಾಕಿ."

"ಎಲ್ಲಿ ಇಟ್ಟಿದೀರಿ?"

"ಆವಿಗೆ ಪಕ್ಕ. ಬೆಚ್ಚಗಿರ್ಲಿ ಅಂತ."

ಜಸಿಯಾರಾ ತುಟಿ ಕಚ್ಚಿಕೊಂಡಳು. "ಕುಂಬಾರರಾ ನೀವು?"

"ಹೂಂ."

"ಅಮ್ಮ, ಇದು ಮಡಕೆ ಅಲ್ಲ. ಚಿಪ್ಪು ಅಂದ್ರೆ ಅವನ ಮೈ. ಮೇಲೆ ಉಗುರಿನ ಥರ, ಕೆಳಗೆ ಮೂಳೆ. ಮುಟ್ಟಿದ್ರೆ ಅವನಿಗೆ ಗೊತ್ತಾಗತ್ತೆ."

ಲಿಂದೌರಾ ತನ್ನ ಕೈಗಳನ್ನು ನೋಡಿಕೊಂಡಳು. "ನೋವು ಮಾಡ್ದೆನಾ?"

"ಗೊತ್ತಿಲ್ದೆ ಮಾಡಿದೀರಿ. ಇನ್ನು ಮಾಡ್ಬೇಡಿ, ಅಷ್ಟೇ."

ಆಮೇಲೆ ಅವಳು ನಿಧಾನವಾಗಿ ವಿವರಿಸಿದಳು. ಬಿಸಿಲು ಇಲ್ಲದೆ ಮೂಳೆ ಮೆತ್ತಗಾಗಿದೆ. ಒಣ ಜಾಗ ಮತ್ತು ತಪ್ಪು ಊಟದಿಂದ ಚಿಪ್ಪು ಮೇಲಕ್ಕೆ ಎದ್ದಿದೆ. ಬೆಳಗಿನ ಎಳೆಬಿಸಿಲು ಬೇಕು. ಮಧ್ಯಾಹ್ನ ನೆರಳು. ಕಾಲ ಕೆಳಗೆ ಸದಾ ತೇವದ ಮಣ್ಣು, ಮೈ ನೆನೆಯುವಷ್ಟು ನೀರು. ತಿನ್ನಲು ಸೊಪ್ಪು, ಹೂವು, ಸ್ವಲ್ಪ ಹಣ್ಣು, ಮೇಲೆ ಉದುರಿಸಲು ಮೊಟ್ಟೆಚಿಪ್ಪಿನ ಪುಡಿ. ಹಾಲು, ಬ್ರೆಡ್ಡು ಎರಡೂ ಬೇಡ. ಕಾಲಿಗೆ ಬಲ ಬರಲು ಒಂದು ಔಷಧಿಯ ಹನಿಗಳನ್ನೂ ಕೊಟ್ಟಳು.

"ಈ ದಿಬ್ಬ ಎಲ್ಲಾ ಯಾವಾಗ ಇಳಿಯತ್ತೆ?"

"ಇಳಿಯಲ್ಲಮ್ಮ. ಎದ್ದಿದ್ದು ಎದ್ದಿದ್ದೇ. ಆದ್ರೆ ಇನ್ಮೇಲೆ ಸುತ್ತ ಹೊಸದಾಗಿ ಬೆಳೆಯೋದು ನುಣ್ಣಗೆ ಬರಬಹುದು."

ಲಿಂದೌರಾ ಯೋಚಿಸಿದಳು. "ಅಂದ್ರೆ ಇದು ಸುಟ್ಟಿದ್ದು. ಬರೋದು ಇನ್ನೂ ಹಸಿ."

"ಹಾಗೇ ಅಂದ್ಕೊಳ್ಳಿ" ಎಂದು ಜಸಿಯಾರಾ ನಕ್ಕಳು.

ವಾಪಸು ಬರುವಾಗ ಮಳೆ ಹಿಡಿದುಕೊಂಡಿತು. ಹಸಿ ಮಣ್ಣು ಬೇಗ ಒಣಗಿದರೆ ಸೊಟ್ಟಗಾಗುತ್ತದೆ ಎಂದು ಜೀವಮಾನವಿಡೀ ಒದ್ದೆ ಬಟ್ಟೆ ಹೊದಿಸಿದ ಕೈ ತನ್ನದು. ಅದೇ ಕೈ ಬೆಳೆಯುವ ಚಿಪ್ಪನ್ನು ಆವಿಗೆಯ ಪಕ್ಕ ಇಟ್ಟಿತ್ತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಮನೆಗೆ ಬಂದವಳೇ ನುಣುಪು ಕಲ್ಲನ್ನು ಹೂಜಿಗಳ ಬುಟ್ಟಿಗೆ ಹಾಕಿದಳು.

ಬೇಕಾದುದೆಲ್ಲ ಅವಳ ಅಂಗಳದಲ್ಲೇ ಇತ್ತು. ತಳ ಬಿರಿದ ದೊಡ್ಡ ಬಾನಿಯನ್ನು ಅಡ್ಡ ಮಲಗಿಸಿದರೆ ಅದೇ ಡಾಕ್ಟರ ಮನೆ. ಒಡೆದ ಮಡಕೆಗಳಲ್ಲಿ ಬೆಳೆದ ದಾಸವಾಳ, ಬಸಳೆ, ಹರಿವೆಯೇ ಊಟ. ಮೈ ನೆನೆಸಲು ಮಾತ್ರ ಅವಳು ಹೊಸದಾಗಿ ಒಂದು ಅಗಲವಾದ ತಟ್ಟೆ ಮಾಡಿದಳು. ಹತ್ತಿ ಇಳಿಯಲು ಒಂದು ಕಡೆ ಅಂಚನ್ನು ಇಳಿಜಾರು ಮಾಡಿದಳು. ಮಾರುವುದಕ್ಕಲ್ಲದೆ ಅವಳು ಏನನ್ನಾದರೂ ಮಾಡಿ ಬಹಳ ಕಾಲವಾಗಿತ್ತು.

ಕಷ್ಟವಾದದ್ದು ಬಿಸಿಲು. ವರ್ಷಗಟ್ಟಲೆ ಮಂಚದ ಕೆಳಗೆ ಬದುಕಿದ ಜೀವಕ್ಕೆ ಆಕಾಶವೆಂದರೆ ಹೆದರಿಕೆ. ಬಿಸಿಲಲ್ಲಿ ಬಿಟ್ಟರೆ ಕಾಲೆಳೆದುಕೊಂಡು ಬಂದು ಲಿಂದೌರಾ ಕೂರುವ ಸ್ಟೂಲಿನ ಕೆಳಗೆ ಸೇರಿಕೊಳ್ಳುತ್ತಿತ್ತು. ಅವಳು ಮತ್ತೆ ಎತ್ತಿ ಬಿಡುತ್ತಿದ್ದಳು, ಅದು ಮತ್ತೆ ಬರುತ್ತಿತ್ತು. ಎತ್ತುವುದನ್ನು ಅವಳು ಬಿಟ್ಟಳು. ಅದರ ಬದಲು ತಿಗರಿಯನ್ನೂ ಸ್ಟೂಲನ್ನೂ ಚಪ್ಪರದಿಂದ ಸ್ವಲ್ಪ ಈಚೆಗೆ ಎಳೆದುಕೊಂಡಳು, ಬಿಸಿಲು ಆಮೆಯ ಬಾಲಕ್ಕೆ ತಾಗುವಷ್ಟು. ಕೆಲವು ದಿನ ಬಿಟ್ಟು ಇನ್ನೂ ಸ್ವಲ್ಪ ಎಳೆದಳು, ಬೆನ್ನಿಗೆ ತಾಗುವಷ್ಟು.

ಒದಲೇಯಾ ಗೋಡೆಯಾಚೆಯಿಂದ ನೋಡಿ, "ಏನೇ, ಬೀದಿಗೇ ಹೊರಟಿದೀಯಾ ತಿಗರಿ ಸಮೇತ?" ಎಂದಳು.

"ಗಾಳಿ ಚೆನ್ನಾಗಿದೆ ಅತ್ತಿಗೆ."

"ಮುಖ ನೋಡ್ಕೊ, ಸುಟ್ಟ ಮರಗೆಣಸಿನ ಥರ ಆಗಿದೆ."

ಹಾಗೆ ಅಂಗಳದ ನಡುವಿನವರೆಗೆ ಬಂದಾಗ ಒಂದು ಬೆಳಿಗ್ಗೆ ಬೇಲಿಯಾಚೆಯ ಮರದಿಂದ ಒಂದು ಸೀಬೆಹಣ್ಣು ಟಪ್ಪೆಂದು ಬಿತ್ತು. ಡಾಕ್ಟರು ಕತ್ತು ಉದ್ದ ಮಾಡಿದರು. ಸ್ಟೂಲಿನ ಕೆಳಗಿನಿಂದ ಹೊರಬಂದು, ಹಿಂಗಾಲನ್ನೂ ಎತ್ತಿ ಎತ್ತಿ ಇಡುತ್ತಾ, ತುಂಬು ಬಿಸಿಲಿನಲ್ಲಿ ಹಣ್ಣಿನವರೆಗೆ ನಡೆದು, ಅದರೊಳಗೆ ಮುಖ ಹುದುಗಿಸಿದರು. ತಿಗರಿಯ ಮೇಲಿದ್ದ ಹೂಜಿ ಲಿಂದೌರಾಳ ಕೈಯಲ್ಲಿ ಕುಸಿಯಿತು. ಅವಳು ಅದನ್ನು ನೋಡಲೂ ಇಲ್ಲ. ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕಳು. ಗೋಡೆಯಾಚೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಆ ನಗು ಯಾರದೆಂದು ಒದಲೇಯಾಳಿಗೆ ತಕ್ಷಣ ಗೊತ್ತಾಗಿರಲಿಕ್ಕಿಲ್ಲ.

ಅಂಗಳಕ್ಕೆ ದಿನವೂ ಬರುತ್ತಿದ್ದ ಇನ್ನೊಬ್ಬನೆಂದರೆ ಅನೀಸಿಯೊ. "ಡಾಕ್ಟ್ರನ್ನ ನೋಡ್ಕೊಂಡು ಬರ್ತೀನಿ" ಎಂದು ಹೆಂಡತಿಗೆ ಹೇಳಿ ಬಂದು, ಒಂದು ಕಿವಿಯ ಗಡಿಗೆಯ ಹಿಂದೆ ಕೈಹಾಕುತ್ತಿದ್ದ. ಸರ್ಕಾರಿ ಆರೋಗ್ಯ ಕೇಂದ್ರದವರು ಕೊಟ್ಟ, ಉಬ್ಬಸಕ್ಕೆ ಬಾಯಿಂದ ಮದ್ದು ಎಳೆದುಕೊಳ್ಳುವ ಪಂಪು ಅಲ್ಲಿ ಬಸಳೆ ಬಳ್ಳಿಯ ಮರೆಯಲ್ಲಿರುತ್ತಿತ್ತು. ಪಂಪು ಎದೆಯನ್ನು ಹಾಳು ಮಾಡುತ್ತದೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂದು ಒದಲೇಯಾ ಮನೆಯೊಳಗೆ ಅದನ್ನು ಸೇರಿಸುತ್ತಿರಲಿಲ್ಲ.

"ಅಣ್ಣ, ಅತ್ತಿಗೆಗೆ ಹೇಳಿಬಿಡು."

"ಹೇಳ್ತೀನಿ."

"ಯಾವಾಗ?"

"ಧೈರ್ಯ ಬಂದಾಗ. ನಲವತ್ತು ವರ್ಷದಿಂದ ಕಾಯ್ತಿದೀನಿ, ಇನ್ನೇನು ಬಂದ್ಬಿಡತ್ತೆ." ಪಂಪನ್ನು ಬಾಯಿಗೆ ಒತ್ತಿಕೊಂಡು, ಉಸಿರು ಹಿಡಿದು, ಆಮೇಲೆ ಡಾಕ್ಟರ ಪಕ್ಕ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕೊಳಲು ಊದುತ್ತಿದ್ದ. ಅವನ ಉಸಿರು ನಿಜವಾಗಿಯೂ ಉದ್ದವಾಗುತ್ತಿತ್ತು.

ಆ ಸೀಮೆಯಲ್ಲಿ ಡಿಸೆಂಬರಿನಲ್ಲಿ ಹಿಡಿವ ಮಳೆಗಾಲ ಮುಗಿಯುವ ಹೊತ್ತಿಗೆ, ಡಾಕ್ಟರನ್ನು ತಟ್ಟೆಯಲ್ಲಿ ನೆನೆಸುವಾಗ ಲಿಂದೌರಾಳ ಬೆರಳಿಗೆ ಹೊಸದೊಂದು ತಾಗಿತು. ಹಳೆಯ ದಿಬ್ಬದ ಬುಡದ ಸುತ್ತ ತೆಳುವಾದ ಬಿಳಿ ಗೆರೆ. ದಿನ ಹೋದಂತೆ ಅದು ಅಗಲವಾಗಿ ಕಪ್ಪಾಯಿತು. ಮೇಲಕ್ಕೆ ಏಳಲಿಲ್ಲ. ತಿಗರಿಯ ಮೇಲೆ ತಿರುಗುವ ಮಡಕೆಯ ಅಂಚಿನಂತೆ ನುಣ್ಣಗೆ, ಸಮನಾಗಿ ಹರಡಿತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ದೃಷ್ಟಿಯಾದೀತು ಎಂಬ ಅಂಜಿಕೆ.

ಜೂನ್ ಬಂತು. ಸಂತ ಜೋವಾನನ ಹಬ್ಬಕ್ಕೆ ಬೀದಿಯ ತುಂಬ ಬಣ್ಣದ ಕಾಗದದ ತೋರಣ. ಕತ್ತಲಾಗುವ ಮುಂಚೆಯೇ ಯಾರೋ ಹಸಿ ಸೌದೆ ಹಾಕಿ ಹಬ್ಬದ ಬೆಂಕಿ ಹೊತ್ತಿಸಿದರು. ಹೊಗೆ ಸೀದಾ ಅನೀಸಿಯೊನ ಮನೆಯೊಳಗೆ ನುಗ್ಗಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಕೆಮ್ಮತೊಡಗಿದ. ಕೆಮ್ಮು ಹೆಚ್ಚಿ ಎದೆ ಸಿಳ್ಳೆ ಹಾಕಿತು.

ಲಿಂದೌರಾ ಈಚೆಯಿಂದ ಕೇಳಿಸಿಕೊಂಡಳು. ಎದ್ದು ಬಾನಿಯ ಬಾಯಿಗೆ ಅಡ್ಡ ನಿಂತಳು. ಮರುಕ್ಷಣ ಒದಲೇಯಾ ಬುಟ್ಟಿ ಹಿಡಿದು ಬಂದಳು. ಹಬ್ಬದ ಹೂವಿನ ಲಂಗ ಉಟ್ಟಿದ್ದಳು, ಕಣ್ಣಲ್ಲಿ ನೀರಿತ್ತು.

"ಸರಿ ಪಕ್ಕಕ್ಕೆ. ಹೇಳಿದ್ನೋ ಇಲ್ವೋ ನಾನು?"

"ಹೇಳಿದ್ರಿ."

"ಮತ್ತೆ?"

"ಕೊಡಲ್ಲ ಅತ್ತಿಗೆ."

ಇಷ್ಟು ವರ್ಷಗಳಲ್ಲಿ ಅಪ್ಪಣೆಗೆ ಲಿಂದೌರಾ "ಹೂಂ ಅತ್ತಿಗೆ" ಅಲ್ಲದೆ ಬೇರೆ ಉತ್ತರ ಕೊಟ್ಟಿರಲಿಲ್ಲ. ಆದರೂ ಒದಲೇಯಾ ಗಂಡನ ಉಸಿರಿಗಾಗಿ ಬಂದವಳು. ಬಗ್ಗಿ, ನಾದಿನಿಯ ಕಾಲ ಸಂದಿನಲ್ಲೇ ಕೈಹಾಕಿ ಆಮೆಯನ್ನು ಎಳೆದುಕೊಂಡಳು. ಎತ್ತಿದವಳ ಬೆರಳುಗಳು ಚಿಪ್ಪಿನ ಮೇಲೆ ತಡೆದು ನಿಂತವು.

"ಇದೇನಿದು? ಇಲ್ಲಿ ನುಣ್ಣಗಿದೆ!"

"ಹೊಸದು ಅತ್ತಿಗೆ. ಈ ಸಲ ಬೆಳೆದಿದ್ದು."

"ಯಾಕೆ ಎದ್ದಿಲ್ಲ? ಇದು ರೋಗ ಎಳ್ಕೊಳ್ಳೋದನ್ನೇ ಬಿಟ್ಬಿಟ್ಟಿದ್ಯಾ?" ಒದಲೇಯಾಳ ಮುಖ ಬಿಳಿಚಿತು. "ಹಾಗಾದ್ರೆ ಇಷ್ಟು ದಿನದ್ದೆಲ್ಲಾ ಎಲ್ಲಿ ಹೋಯ್ತು? ಅವ್ರೊಳಗೇ ಇದ್ಯಾ?"

ಅಷ್ಟರಲ್ಲಿ ಅನೀಸಿಯೊ ಗೋಡೆ ಹಿಡಿದುಕೊಂಡು, ಕೆಮ್ಮುತ್ತಾ ಬಂದ. ಲಿಂದೌರಾಳನ್ನು ಒಮ್ಮೆ ನೋಡಿದ, ಹೆಂಡತಿಯ ಕೈಯಲ್ಲಿ ಕಾಲು ಆಡಿಸುತ್ತಿದ್ದ ಡಾಕ್ಟರನ್ನು ಒಮ್ಮೆ ನೋಡಿದ. ಆಮೇಲೆ ಅವಳ ಕಣ್ಣೆದುರಿಗೇ ಒಂದು ಕಿವಿಯ ಗಡಿಗೆಯ ಹಿಂದೆ ಕೈಹಾಕಿ ಪಂಪು ತೆಗೆದು, ಬಾಯಿಗೆ ಒತ್ತಿ ಉಸಿರೆಳೆದ. ಇನ್ನೊಂದು ಸಲ ಎಳೆದ. ಎದೆಯ ಸಿಳ್ಳೆ ಸಣ್ಣದಾಗಿ, ನಿಂತೇ ಹೋಯಿತು.

"ಎಷ್ಟು ದಿನದಿಂದ?" ಒದಲೇಯಾಳ ದನಿ ತಣ್ಣಗಿತ್ತು.

"ಡಾಕ್ಟ್ರು ವರ್ಗ ಆದಾಗಿಂದ."

"ಕಳ್ಳ! ಮಡಕೆ ಹಿಂದೆ ಇಟ್ಕೊಂಡು, ಸಾರಾಯಿ ಕುಡಿಯೋರ ಥರ!"

"ಸಾರಾಯಿ ಆಗಿದ್ರೆ ನಿಂಗೆ ವಾಸನೇಲೇ ಗೊತ್ತಾಗ್ತಿತ್ತು."

"ಎದೆ ಹಾಳಾಗತ್ತೆ ಅಂದಿರ್ಲಿಲ್ವಾ?"

"ಕೇಳು, ಹಾಳಾಗಿದ್ಯಾ ಅಂತ" ಎಂದು ಅವನು ಸೊಂಟದಿಂದ ಕೊಳಲು ಎಳೆದ. ಹಬ್ಬದಲ್ಲಿ ಕುಣಿತ ಬಿಸಿಯೇರಿದಾಗ ಊದುವ ರಾಗ, ಉಸಿರು ತೆಗೆದುಕೊಳ್ಳಲು ಎಡೆಯೇ ಇಲ್ಲದ್ದು. ಮದುವೆಯ ಹೊಸತರಲ್ಲೂ ಅದನ್ನು ಅವನು ಅರ್ಧಕ್ಕೇ ಬಿಡುತ್ತಿದ್ದ, ಉಳಿದುದನ್ನು ಡೋಲಿನವರು ತಮ್ಮ ಬಡಿತದಲ್ಲಿ ಮುಚ್ಚುತ್ತಿದ್ದರು. ಈಗ ಅರ್ಧ ದಾಟಿತು. ಮುಂದೆಯೂ ಹೋಯಿತು. ಬೀದಿಯಲ್ಲಿ ಯಾರೋ ಡೋಲಿಗೆ ಕೈ ಹಾಕಿ ಜೊತೆ ಸೇರಿದರು. ರಾಗ ತುದಿ ಮುಟ್ಟಿ ನಿಂತಾಗ ಅವನ ಮುಖ ಕೆಂಪಾಗಿತ್ತು, ಎದೆಯಲ್ಲಿ ಸದ್ದಿರಲಿಲ್ಲ.

ಒದಲೇಯಾ ಆಮೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಬೆರಳು ನುಣುಪು ಅಂಚಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು.

"ಸುಮ್ನೆ ಅಲ್ಲ ಇದು ನುಣ್ಣಗಾಗಿರೋದು" ಎಂದಳು ಒದಲೇಯಾ ಕೊನೆಗೆ. "ಎಳ್ಕೊಳ್ಳೋಕೆ ಒಳಗೆ ಏನಾದ್ರೂ ಇದ್ರೆ ತಾನೆ? ಇಷ್ಟು ವರ್ಷ ದುಡೀತು, ಮುಗಿಸ್ತು. ಈಗ ರಿಟೈರು. ಇವತ್ತಿನ ಕೆಮ್ಮು ಆ ಹಾಳು ಹಸಿ ಸೌದೇದು."

"ಮತ್ತೆ ಪಂಪು?" ಎಂದ ಅನೀಸಿಯೊ.

"ಮನೆ ಒಳಗೆ ಇಡಿ. ನನ್ನ ಮುಂದೆ ತಗೊಳ್ಳಿ. ಕದ್ದು ತಗೊಂಡ್ರೆ ಮಾತ್ರ ಎದೆ ಹಾಳು."

ಲಿಂದೌರಾಳಿಗೆ ವೈದ್ಯೆ ಹೇಳಿದ್ದೆಲ್ಲ ಬಾಯಿಯವರೆಗೆ ಬಂತು. ಅವಳು ಅದನ್ನು ಹಾಗೇ ನುಂಗಿಕೊಂಡಳು. "ಹೂಂ ಅತ್ತಿಗೆ" ಎಂದು ಆಮೆಗಾಗಿ ಎರಡೂ ಕೈ ಚಾಚಿದಳು. ಒದಲೇಯಾ ಕೊಟ್ಟಳು. ಕೊಡುವ ಮುಂಚೆ ತಲೆಯಲ್ಲಿದ್ದ ದಾಸವಾಳವನ್ನು ಕಿತ್ತು ಅದರ ಮೂತಿಗೆ ಹಿಡಿದಳು. ಡಾಕ್ಟರು ಒಂದೇ ಬಾಯಿಗೆ ಅರ್ಧ ಹೂವನ್ನು ಹರಿದುಕೊಂಡರು.

ಹಬ್ಬ ಕಳೆದ ವಾರ ಬೀದಿಯ ಕೊನೆಯ ಮನೆಯ ಇವನಿಲ್ಡಿ ಬಂದಳು. ಗಂಡನಿಗೆ ಕೆಮ್ಮು, ಡಾಕ್ಟರನ್ನು ಸ್ವಲ್ಪ ದಿನ ಮಂಚದ ಕೆಳಗೆ ಇಟ್ಟುಕೊಳ್ಳಲು ಕೊಡುತ್ತೀರಾ ಎಂದು ಕೇಳಿದಳು. ಲಿಂದೌರಾ ತಿಗರಿ ನಿಲ್ಲಿಸಿದಳು. ಗೋಡೆಯಾಚೆಯಿಂದ ಉತ್ತರ ಬಂತು.

"ಏನೇ ಇವನಿಲ್ಡಿ, ಬುದ್ಧಿ ಇದ್ಯಾ ನಿಂಗೆ? ರಿಟೈರಾದೋರನ್ನ ಯಾರಾದ್ರೂ ಡ್ಯೂಟಿಗೆ ಕರೀತಾರಾ? ನಿನ್ನ ಗಂಡನ್ನ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡ್ಹೋಗು, ಪಂಪು ಕೊಡ್ತಾರೆ. ಲಿಂದೌರಾ, ತಗೋ, ಪರಂಗಿ ಹಣ್ಣು ಹೆಚ್ಚಿದೀನಿ. ಡಾಕ್ಟ್ರಿಗೆ. ನೀನು ತಿಂದ್ಬಿಡ್ಬೇಡ."

ಲಿಂದೌರಾ ಎದ್ದು ಗೋಡೆಯ ಮೇಲಿಂದ ತಟ್ಟೆ ತೆಗೆದುಕೊಂಡಳು. ಒಂದು ಹೋಳನ್ನು ಮೆಲ್ಲಗೆ ತನ್ನ ಬಾಯಿಗೆ ಹಾಕಿಕೊಂಡಳು. ಉಳಿದುದನ್ನು ಬಿಸಿಲಲ್ಲಿ ಇಟ್ಟಳು.